ಕಾರಣ ಬರೆಯದ ಸಾಲು

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಮೇಲಕ್ಕೆ ಹೋಗುವ ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿ. ಅದರ ಮಹಡಿಯ ಮೇಲೆ ಜಯಪ್ರಕಾಶರ ವರ್ಕ್‌ಶಾಪು. ವರ್ಕ್‌ಶಾಪ್ ಎಂದ ಕೂಡಲೇ ಗ್ರೀಸು, ಸ್ಪ್ಯಾನರು ಎಂದು ಕಲ್ಪಿಸಿಕೊಳ್ಳಬೇಡಿ. ಎರಡು ಮೇಜು, ಎರಡು ಕಂಪ್ಯೂಟರು, ಒಂದು ಮುದಿ ಪ್ರಿಂಟರು, ಮೂಲೆಯಲ್ಲಿ ಬೆಸುಗೆ ಹಾಕುವ ಜಾಗ, ಇಷ್ಟೇ. ಅಡಿಕೆ ಒಣಗಿಸುವ ಗ್ಯಾಸ್ ಡ್ರೈಯರುಗಳಿಗೆ ಕಂಟ್ರೋಲ್ ಪೆಟ್ಟಿಗೆ ತಯಾರಾಗುವುದು ಇಲ್ಲಿ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಚಿಪ್ ಕೂತಿರುತ್ತದೆ. ಡ್ರೈಯರಿನ ಹೊಟ್ಟೆಯಲ್ಲಿ ಎಷ್ಟು ಬಿಸಿ ಇದೆ ಎಂದು ನೋಡಿಕೊಂಡು ಒಲೆಯನ್ನು ಹತ್ತಿಸುವುದು, ಆರಿಸುವುದು ಅದರ ಕೆಲಸ.

ಜಯಪ್ರಕಾಶರು ಮೊದಲು ಮೇಷ್ಟ್ರು. ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದವರು. ಕೆಲಸ ಬಿಟ್ಟರೂ ಮೇಷ್ಟ್ರುಗಿರಿ ಅವರನ್ನು ಬಿಟ್ಟಿರಲಿಲ್ಲ. ಅವರ ಮೇಜಿನ ಮೇಲಿನ ಗೋಡೆಗೆ ದಪ್ಪ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಿತ್ತು: ‘ಕಾರಣ ಬರೆಯದ ಸಾಲು ಇಲ್ಲಿ ಇರಕೂಡದು.’ ಪ್ರೋಗ್ರಾಮಿನ ಒಂದೊಂದು ಸಾಲಿನ ಪಕ್ಕದಲ್ಲೂ ಅದು ಯಾಕಿದೆ ಎಂದು ಕನ್ನಡದಲ್ಲೇ ಬರೆಯಬೇಕು. ಬರೆಯದಿದ್ದರೆ ಬೈಗುಳ ಗ್ಯಾರಂಟಿ. ಮನುಷ್ಯ ಕೆಟ್ಟವರಲ್ಲ, ಯಾರಿಗೂ ಮೋಸ ಮಾಡಿದವರಲ್ಲ. ಆದರೆ ತಾನು ಹೇಳಿದ್ದೇ ಸರಿ ಎನ್ನುವ ಪೈಕಿ. ಅಂಥವರ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಬಾಳಿದವರಿಗೇ ಗೊತ್ತು.

ಅವರ ಹೆಮ್ಮೆಯೆಲ್ಲ ಇದ್ದದ್ದು ಪೆಟ್ಟಿಗೆಯ ಮೇಲಲ್ಲ, ತಾವೇ ಬರೆದ ಕಂಪೈಲರಿನ ಮೇಲೆ. ನಾವು ಬರೆದ ಪ್ರೋಗ್ರಾಮು ಚಿಪ್‌ಗೆ ಹಾಗೇ ಅರ್ಥವಾಗುವುದಿಲ್ಲ; ಅದನ್ನು ಚಿಪ್‌ನ ಸ್ವಂತ ಭಾಷೆಗೆ ಇಳಿಸಿಕೊಡುವುದು ಕಂಪೈಲರು. ಆ ಚಿಪ್‌ಗೆಂದು ಸಿಗುತ್ತಿದ್ದ ಕಂಪೈಲರು ಉದ್ದುದ್ದ ಕೋಡ್ ಮಾಡಿ ಹಾಕುತ್ತಿತ್ತು, ಚಿಪ್‌ನ ಹೊಟ್ಟೆಗೆ ಹಿಡಿಸುತ್ತಿರಲಿಲ್ಲ. ಹೃದಯದ ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದ ಕಾಲದಲ್ಲಿ ಜಯಪ್ರಕಾಶರು ಹಟ ಹಿಡಿದು ತಮ್ಮದೇ ಕಂಪೈಲರ್ ಬರೆದರು. ಅದು ಕೊಡುವ ಕೋಡು ಅರ್ಧದಷ್ಟಾಯಿತು. ಬಂದವರಿಗೆಲ್ಲ ಅದನ್ನು ತೋರಿಸಿ, ಕಾಫಿ ಆರುವವರೆಗೆ ವಿವರಿಸುತ್ತಿದ್ದರು.

ಕೋಡ್ ಸಣ್ಣದಾದ ಗುಟ್ಟು ಇಷ್ಟೇ. ಚಿಪ್‌ನ ಕೈಯಲ್ಲಿ ರಿಜಿಸ್ಟರ್ ಎನ್ನುವ ಜಾಗಗಳು ಕೆಲವೇ ಇವೆ. ಉಳಿದದ್ದೆಲ್ಲ ಮೆಮೊರಿಯಲ್ಲಿ, ಅಂದರೆ ಕಪಾಟಿನಲ್ಲಿ. ಅವರು ಕ್ಲಾಸಿನಲ್ಲಿ ಹೇಳುತ್ತಿದ್ದ ಹಾಗೇ ಹೇಳುವುದಾದರೆ, ಕಪಾಟಿನ ಡಬ್ಬಿಯಿಂದ ಬೆಲ್ಲವನ್ನು ಅಂಗೈಗೆ ತೆಗೆದುಕೊಂಡು ಕೆಲಸ ಮಾಡಬಹುದು. ಇಲ್ಲವೇ ಬೇಕಾದಾಗ ಡಬ್ಬಿಗೇ ಕೈ ಹಾಕಬಹುದು. ‘ಇಂಥ ಡಬ್ಬಿಗೆ ಕೈ ಹಾಕು’ ಎಂದು ಚಿಪ್‌ಗೆ ಕೊಡುವ ಸೂಚನೆಯೊಳಗೇ ಬರೆದುಬಿಟ್ಟರೆ ಅದು ಮೆಮೊರಿ ಆಪರೆಂಡ್. ಅಂಗೈ ಖಾಲಿ ಉಳಿಯುತ್ತದೆ, ಒಂದು ಸೂಚನೆಯೂ ಉಳಿಯುತ್ತದೆ. ಜಯಪ್ರಕಾಶರ ಕಂಪೈಲರು ಸಿಕ್ಕಲ್ಲೆಲ್ಲ ಡಬ್ಬಿಗೇ ಕೈ ಹಾಕುತ್ತಿತ್ತು.

ಪವಿತ್ರಾ ಅವರ ಶಿಷ್ಯೆ. ಡಿಪ್ಲೊಮಾ ಮುಗಿಸಿದ ಮೇಲೆ ಅವರ ಹತ್ತಿರವೇ ಕೆಲಸಕ್ಕೆ ಸೇರಿ, ಮದುವೆಯಾಗಿ ಎನ್.ಆರ್. ಪುರಕ್ಕೆ ಹೋದ ಮೇಲೂ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬರುತ್ತಿದ್ದವಳು. ಕಂಪೈಲರು ಅವರದ್ದಾದರೆ ಡ್ರೈಯರಿನ ಪ್ರೋಗ್ರಾಮು ಅವಳದ್ದು. ಮಾತು ಕಡಿಮೆ. ಅವರು ರೇಗಿದರೆ ತಲೆ ತಗ್ಗಿಸಿ, ಮುಗಿದ ಮೇಲೆ ತಲೆ ಎತ್ತಿ ಕೆಲಸ ಮುಂದುವರಿಸುವಳು. ಮಕ್ಕಳಿಲ್ಲದ ಜಯಪ್ರಕಾಶರಿಗೆ ಅವಳು ಎದುರು ಮೇಜಿನಲ್ಲಿ ಕೂತಿರುವುದೇ ಒಂದು ಧೈರ್ಯವಾಗಿತ್ತು. ಅದನ್ನು ಅವಳಿಗೆ ಒಂದು ದಿನವಾದರೂ ಹೇಳಿದ್ದರೇ ಎಂದರೆ, ಇಲ್ಲ.

ಎಲ್ಲ ಕೆಟ್ಟದ್ದು ಶೃಂಗೇರಿಯಲ್ಲಿ.

ಅಲ್ಲಿಯ ಬೆಳೆಗಾರರ ಗುಂಪೊಂದು ತಮ್ಮವರಿಗೆಲ್ಲ ಇದೇ ಪೆಟ್ಟಿಗೆ ಹಾಕಿಸುವ ಯೋಚನೆಯಲ್ಲಿತ್ತು. ಹೋಟೆಲೊಂದರ ಮಹಡಿಯಲ್ಲಿ ಸಭೆ. ಸಲಹೆಗೆಂದು ಶಿವಮೊಗ್ಗದಿಂದ ಒಬ್ಬ ಎಂಜಿನಿಯರನ್ನು ಕರೆಸಿದ್ದರು. ಜಯಪ್ರಕಾಶರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪವಿತ್ರಾಳ ಪ್ರೋಗ್ರಾಮನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿ, ಒಂದೊಂದೇ ಸಾಲಿನ ಪಕ್ಕದ ಕಾರಣವನ್ನು ಓದಿ ಹೇಳುತ್ತಿದ್ದರು. ಎಂಜಿನಿಯರ್ ಕೈ ಎತ್ತಿದ.

“ಇದೊಂದು ಸಾಲು ಯಾಕೆ ಸರ್? ಬಿಸಿಯ ಲೆಕ್ಕವನ್ನ ತಗೊಂಡು ಇನ್ನೊಂದು ಕಡೆ ನಕಲು ಮಾಡಿ, ಆ ನಕಲನ್ನೇ ಮತ್ತೆ ಓದ್ತಾ ಇದ್ದೀರಿ. ಪಕ್ಕದಲ್ಲಿ ಕಾರಣಾನೂ ಬರ್ದಿಲ್ಲ.”

ಹೌದು, ಬರೆದಿರಲಿಲ್ಲ. ಅಷ್ಟು ದೊಡ್ಡ ಪ್ರೋಗ್ರಾಮಿನಲ್ಲಿ ಕಾರಣವಿಲ್ಲದ ಸಾಲು ಅದೊಂದೇ, ಅದೂ ಪರರ ಕಣ್ಣಿಗೇ ಬೀಳಬೇಕೇ. ಜಯಪ್ರಕಾಶರ ಕಿವಿ ಬಿಸಿಯಾಯಿತು.

“ಎಂತ ಪವಿತ್ರಾ ಇದು?”

“ಅದೊಂದು ಸಾಲು ಇರಲಿ ಸರ್,” ಎಂದಳು ಪವಿತ್ರಾ.

“ಯಾಕೆ ಇರ್ಬೇಕು? ಕಾರಣ ಹೇಳು.”

ಅವಳು ಎಂಜಿನಿಯರನ್ನು ನೋಡಿದಳು, ಕೂತಿದ್ದ ಬೆಳೆಗಾರರನ್ನು ನೋಡಿದಳು, ಕೊನೆಗೆ ಇವರ ಮುಖ ನೋಡಿದಳು. “ಇರಲಿ ಸರ್,” ಎಂದಳು ಮತ್ತೆ, ಮೊದಲಿಗಿಂತ ಮೆಲ್ಲಗೆ.

ಆಗ ಜಯಪ್ರಕಾಶರು ನಕ್ಕರು. ಆ ನಗುವನ್ನು ನೆನೆದರೆ ಈಗ ಅವರಿಗೇ ಮೈ ಹಿಡಿಯಾಗುತ್ತದೆ. “ನಮ್ಮ ಪವಿತ್ರಾ ಹೀಗೆ ಮಾರಾಯ್ರೆ. ಸೇರಲ್ಲಿ ಅಳೆದ ಅಕ್ಕಿಯನ್ನ ಇನ್ನೊಂದು ಪಾತ್ರೆಗೆ ಸುರಿದು ಮತ್ತೆ ಅಳೀಬೇಕು ಅವಳಿಗೆ. ಎಷ್ಟು ವರ್ಷ ಕಲಿಸಿದ್ರೂ ತಲೆಗೆ ಹತ್ತೋದಿಲ್ಲ ಅಂದ್ರೆ ನಾನು ಎಂತ ಮಾಡ್ಲಿ.” ಸಭೆಯೂ ನಕ್ಕಿತು. ಎಲ್ಲರ ಎದುರಿಗೇ ಅವರು ಆ ಸಾಲನ್ನು ಅಳಿಸಿ, ಮತ್ತೆ ಕಂಪೈಲ್ ಮಾಡಿ, ಪೆಟ್ಟಿಗೆಗೆ ತುಂಬಿ ಚಾಲೂ ಮಾಡಿ ತೋರಿಸಿದರು. ಪೆಟ್ಟಿಗೆ ಚೆನ್ನಾಗಿಯೇ ನಡೆಯಿತು. “ನೋಡಿ, ಬೇಕಿರಲಿಲ್ಲ,” ಎಂದರು.

ವಾಪಸ್ ಬರುವಾಗ ಕಾರಿನಲ್ಲಿ ಪವಿತ್ರಾ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಕೊಪ್ಪದಲ್ಲಿ ಇಳಿದ ಮೇಲೆ, “ಸರ್, ನಾಳೆ ಸ್ವಲ್ಪ ಹೊತ್ತು ಬೇಕಿತ್ತು. ಲಿಸ್ಟಿಂಗ್ ತೋರಿಸ್ತೇನೆ,” ಎಂದಳು. ಲಿಸ್ಟಿಂಗ್ ಎಂದರೆ ಕಂಪೈಲರು ಇಳಿಸಿಕೊಟ್ಟ ಕೋಡಿನ ಪ್ರಿಂಟು.

“ಆ ಸಾಲಿನ ವಿಷಯ ಆದ್ರೆ ಬೇಡ. ತಪ್ಪು ಮಾಡಿ ಆಮೇಲೆ ಸಮರ್ಥನೆ ಹುಡುಕೋದು ಒಳ್ಳೇ ಅಭ್ಯಾಸ ಅಲ್ಲ,” ಎಂದರು ಜಯಪ್ರಕಾಶರು, ಕಡ್ಡಿ ಮುರಿದ ಹಾಗೆ.

“ಆಯ್ತು ಸರ್.”

ಆ ವಾರ ಕೈಯಲ್ಲಿದ್ದ ಕೆಲಸವನ್ನೆಲ್ಲ ಮುಗಿಸಿದಳು. ಶನಿವಾರ ಸಂಜೆ ಮೇಜು ಒರೆಸಿ, ಬೀಗದ ಕೈ ಇಟ್ಟು, ದಿನಾ ಬಸ್ಸಿನಲ್ಲಿ ಓಡಾಡುವುದು ಆಗುವುದಿಲ್ಲ, ಅತ್ತೆಗೆ ಹುಷಾರಿಲ್ಲ ಎಂದಳು. ಬಾಗಿಲವರೆಗೆ ಹೋದವಳು ತಿರುಗಿ, “ಹೊಸ ಪೆಟ್ಟಿಗೆ ಮನೆಗಳಿಗೆ ಕೊಡೋ ಮೊದ್ಲು ಆ ಸಾಲು ವಾಪಸ್ ಹಾಕಿ ಸರ್,” ಎಂದಳು. ಜಯಪ್ರಕಾಶರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೂಂ ಎಂದರು. ಅತ್ತೆಯ ಮಾತನ್ನು ನಂಬಿದರು. ನಂಬುವುದು ಅನುಕೂಲವಾಗಿತ್ತು.

ಸಾಲನ್ನು ಮಾತ್ರ ವಾಪಸ್ ಹಾಕಲಿಲ್ಲ.

ಮಳೆಗಾಲ ಕಳೆದು ಕೊಯ್ಲು ಶುರುವಾಯಿತು. ಎದುರು ಮೇಜು ಖಾಲಿ. ಬೇರೆ ಯಾರನ್ನಾದರೂ ಇಟ್ಟುಕೊಳ್ಳಿ ಎಂದು ಹೆಂಡತಿ ಮೂಕಾಂಬಿಕಾ ಹೇಳಿದರೆ, ನೋಡುವಾ ನೋಡುವಾ ಎನ್ನುತ್ತ ಕಾಲ ತಳ್ಳಿದರು. ಹೊಸ ಪ್ರೋಗ್ರಾಮಿನ ಪೆಟ್ಟಿಗೆಗಳನ್ನು ಅವರೇ ನಾಲ್ಕಾರು ಮನೆಗಳಿಗೆ ಹಾಕಿ ಬಂದರು. ಒಂದು ದಿನ ಬೆಳಿಗ್ಗೆ ಭಂಡಿಗಡಿಯಿಂದ ತಿಮ್ಮಣ್ಣನವರ ಫೋನು ಬಂತು. ತಿಮ್ಮಣ್ಣ ಹಳೇ ಗಿರಾಕಿ, ಹೊಸ ಪೆಟ್ಟಿಗೆ ಹಾಕಿಸಿಕೊಂಡವರಲ್ಲಿ ಒಬ್ಬರು, ನಗಿಸಿ ಮಾತಾಡುವ ಜನ.

“ಜಯಪ್ರಕಾಶರೇ, ನಿಮ್ಮ ಪೆಟ್ಟಿಗೆಗೆ ಮೈಮೇಲೆ ಬಂದ ಹಾಗೆ ಕಾಣ್ತದೆ ಮಾರಾಯ್ರೆ. ಒಲೆ ಆರೂದೇ ಇಲ್ಲ. ಒಂಚೂರು ಬಂದು ಇಳಿಸಿಕೊಡಿ.”

ಹೋಗಿ ನೋಡಿದರೆ ನಗುವಂಥದ್ದೇನೂ ಇರಲಿಲ್ಲ. ಡ್ರೈಯರಿನ ಕೊಟ್ಟಿಗೆಯಲ್ಲಿ ಸೀದ ವಾಸನೆ ತುಂಬಿತ್ತು. ಕೆಳಗಿನ ತಟ್ಟೆಗಳ ಅಡಿಕೆ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಒಲೆಯ ಗ್ಯಾಸನ್ನು ಕೈಯಲ್ಲೇ ತಿರುಗಿಸಿ ಬಂದ್ ಮಾಡಿದ್ದರು. ತಿಮ್ಮಣ್ಣನವರ ಬಲಗೈಗೆ ಬಿಳಿ ಬಟ್ಟೆ ಸುತ್ತಿತ್ತು. ಹೊಗೆ ಕಂಡು ಗಾಬರಿಯಲ್ಲಿ ಡ್ರೈಯರಿನ ಕಬ್ಬಿಣದ ಬಾಗಿಲು ಹಿಡಿದಿದ್ದರಂತೆ, ಅಂಗೈ ಚರ್ಮ ಎದ್ದುಬಂದಿತ್ತು.

“ಡಾಕ್ಟ್ರ ಹತ್ರ ಹೋಗಿ ಬಂದೆ, ತೊಂದ್ರೆ ಇಲ್ಲ,” ಎಂದರು ತಿಮ್ಮಣ್ಣ. “ಅಲ್ಲ, ಒಂದು ಕೇಳ್ತೆ, ತಪ್ಪು ತಿಳ್ಕೊಳ್ಬೇಡಿ. ಎನ್.ಆರ್. ಪುರದ ಆ ಕೂಸು ಬರ್ತಿತ್ತಲ್ಲ, ಅದು ಇದ್ದಾಗ ಒಂದು ಸಲಾನೂ ಹೀಗಾಗ್ಲಿಲ್ಲ. ಈಗ ಎಂತ ಬದಲಾಯ್ತು?”

“ನೋಡ್ತೇನೆ,” ಎಂದಷ್ಟೇ ಹೇಳಿ ಜಯಪ್ರಕಾಶರು ಪೆಟ್ಟಿಗೆ ಬಿಚ್ಚಿಕೊಂಡು ಹೊರಟರು. ದಾರಿಯುದ್ದಕ್ಕೂ ಪವಿತ್ರಾಳನ್ನೇ ಬೈದುಕೊಂಡರು. ಹೋಗುವಾಗ ಪ್ರೋಗ್ರಾಮಿನಲ್ಲಿ ಇನ್ನೇನೋ ಎಡವಟ್ಟು ಮಾಡಿಟ್ಟು ಹೋಗಿದ್ದಾಳೆ ಎಂದೇ ಅವರ ತೀರ್ಮಾನ. ಮನುಷ್ಯನ ಬುದ್ಧಿ ನೋಡಿ, ಬಟ್ಟೆ ಸುತ್ತಿದ ಆ ಕೈಯನ್ನು ಕಂಡು ಬಂದ ಮೇಲೂ ಬೆರಳು ತೋರಿಸಲು ಇನ್ನೊಬ್ಬರನ್ನೇ ಹುಡುಕುತ್ತದೆ.

ವರ್ಕ್‌ಶಾಪಿನಲ್ಲಿ ಲಿಸ್ಟಿಂಗ್ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿಕೊಂಡು ಕೂತರು. ಒಲೆಯ ಭಾಗ ಪ್ರೋಗ್ರಾಮಿನಲ್ಲಿ ತೀರಾ ಸರಳ. ಬಿಸಿಯನ್ನು ಒಂದು ಸಲ ಓದಿಕೋ. ಅದು ಮಿತಿಗಿಂತ ಕಡಿಮೆಯೇ ನೋಡು. ಕಡಿಮೆಯಿದ್ದರೆ, ಎಷ್ಟು ಕಡಿಮೆಯೋ ಅದಕ್ಕೆ ತಕ್ಕಷ್ಟು ಹೊತ್ತು ಒಲೆ ಉರಿಸು. ಪವಿತ್ರಾ ಬರೆದದ್ದು ಇಷ್ಟೇ, ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅವರ ಬೆರಳು ಲಿಸ್ಟಿಂಗಿನ ಮೇಲೆ ಕೆಳಗಿಳಿಯಿತು. ಹೋಲಿಸುವ ಸೂಚನೆಯಲ್ಲಿ ಒಂದು ಮೆಮೊರಿ ಆಪರೆಂಡ್. ಕಳೆಯುವ ಸೂಚನೆಯಲ್ಲೂ ಒಂದು ಮೆಮೊರಿ ಆಪರೆಂಡ್. ಎರಡೂ ಒಂದೇ ವಿಳಾಸ.

ಬೆರಳು ಅಲ್ಲೇ ನಿಂತಿತು. ಪವಿತ್ರಾ ಒಂದು ಸಲ ಓದು ಎಂದು ಬರೆದಿದ್ದಳು. ಅವರ ಕಂಪೈಲರು ಡಬ್ಬಿಗೆ ಎರಡು ಸಲ ಕೈ ಹಾಕಿತ್ತು.

ಎರಡು ಸಲ ಕೈ ಹಾಕಿದರೆ ಏನಾಯಿತು ಎನ್ನುವಿರಾ? ಡಬ್ಬಿ ನಮ್ಮೊಬ್ಬರದ್ದೇ ಆಗಿದ್ದರೆ ಏನೂ ಆಗುವುದಿಲ್ಲ. ಆದರೆ ಬಿಸಿಯ ಡಬ್ಬಿಗೆ ಬಿಸಿ ಅಳೆಯುವ ಸೆನ್ಸರ್ ತನಗೆ ತೋಚಿದಾಗ ಬಂದು ಹೊಸ ಲೆಕ್ಕ ಹಾಕಿ ಹೋಗುತ್ತಿರುತ್ತದೆ. ಮೊದಲ ಸಲ ನೋಡಿದಾಗ ಬಿಸಿ ಮಿತಿಗಿಂತ ಕೂದಲೆಳೆ ಕಡಿಮೆ ಇತ್ತು, ಸರಿ, ಒಲೆ ಉರಿಸಬೇಕು. ಎಷ್ಟು ಹೊತ್ತು ಎಂದು ಕಳೆಯಲು ಎರಡನೇ ಸಲ ಕೈ ಹಾಕುವಷ್ಟರಲ್ಲಿ ಬಿಸಿ ಮಿತಿ ದಾಟಿತ್ತು. ಕಳೆದರೆ ಸೊನ್ನೆಗಿಂತ ಕೆಳಗೆ ಬರಬೇಕು. ಚಿಪ್‌ನ ಆ ಎಣಿಕೆಯಲ್ಲಿ ಸೊನ್ನೆಗಿಂತ ಕೆಳಗೆ ಎನ್ನುವುದೇ ಇಲ್ಲ, ಸುತ್ತಿಕೊಂಡು ಹೋಗಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆಯಾಗುತ್ತದೆ. ಅಷ್ಟು ಹೊತ್ತು ಒಲೆ ಉರಿಯಿತು. ಸೆನ್ಸರ್ ಸರಿಯಾಗಿ ಆ ಎರಡು ಸೂಚನೆಗಳ ನಡುವೆಯೇ ಬರಬೇಕು, ಅದು ಅಪರೂಪ. ಅದಕ್ಕೇ ಶೃಂಗೇರಿಯಲ್ಲಿ ಪೆಟ್ಟಿಗೆ ಚೆನ್ನಾಗಿ ನಡೆದು ಅವರ ಮಾನ ಉಳಿಸಿತ್ತು.

ಇಂಥ ಡಬ್ಬಿಗಳಿಗೆ ‘ಇದನ್ನು ಬೇರೆಯವರೂ ಮುಟ್ಟುತ್ತಾರೆ, ಹೇಳಿದಷ್ಟೇ ಸಲ ಕೈ ಹಾಕು’ ಎಂದು ಪ್ರೋಗ್ರಾಮಿನಲ್ಲಿ ಗುರುತು ಕಟ್ಟುವ ಪದ್ಧತಿಯಿದೆ. ಪವಿತ್ರಾ ಕಟ್ಟಿದ್ದಳು. ಕಂಪೈಲರಿನಲ್ಲಿ ಡಬ್ಬಿಗೆ ಕೈ ಹಾಕುವುದನ್ನು ಸೂಚನೆಯೊಳಗೆ ಮಡಚಿ ಸೇರಿಸುವಾಗ ಆ ಗುರುತನ್ನು ಉದುರಿಸಿಬಿಟ್ಟವರು ಜಯಪ್ರಕಾಶರು. ಮಡಚುವ ಮೊದಲು ಇದನ್ನು ಎಷ್ಟು ಕಡೆ ಬಳಸುತ್ತಾರೆ ಎಂದು ಕೇಳಬೇಕಿತ್ತು, ಅದನ್ನೂ ಕೇಳಿರಲಿಲ್ಲ. ಕೋಡ್ ಸಣ್ಣದಾಯಿತು ಎಂದು ಊರಿಗೆಲ್ಲ ತೋರಿಸಿ ಮೆರೆದದ್ದು ಇದೇ ಜಾಗವನ್ನು.

ಮತ್ತೆ ಪವಿತ್ರಾಳ ಆ ಬೇಡದ ಸಾಲು? ಬಿಸಿಯನ್ನು ಒಂದೇ ಸಲ ಓದಿ, ಸೆನ್ಸರ್ ಮುಟ್ಟದ ಬೇರೊಂದು ಡಬ್ಬಿಗೆ ನಕಲು ಮಾಡಿ ಇಡುವ ಸಾಲು ಅದು. ಆ ಡಬ್ಬಿಗೆ ಕಂಪೈಲರು ಎರಡು ಸಲವಲ್ಲ, ಹತ್ತು ಸಲ ಕೈ ಹಾಕಲಿ, ಸಿಗುವುದು ಅದೇ ಲೆಕ್ಕ. ಅವಳಿಗೆ ಎಲ್ಲ ಗೊತ್ತಿತ್ತು. ಕಾರಣ ಬರೆದರೆ ‘ಸರ್ ಕಂಪೈಲರಿನಲ್ಲಿ ತಪ್ಪಿದೆ’ ಎಂದು ಬರೆಯಬೇಕಾಗುತ್ತಿತ್ತು. ಅದಕ್ಕೇ ಪಕ್ಕದ ಜಾಗವನ್ನು ಖಾಲಿ ಬಿಟ್ಟಿದ್ದಳು. ಜಯಪ್ರಕಾಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಮೂಕಾಂಬಿಕಾ ಬಡಿಸುತ್ತಿದ್ದರು. ಜಯಪ್ರಕಾಶರು ಅನ್ನ ಕಲಸುತ್ತ ನಡೆದದ್ದನ್ನು ಹೇಳಿದರು. ಮೂಕಾಂಬಿಕಾ ಆಶ್ಚರ್ಯಪಡಲಿಲ್ಲ. ಸೌಟನ್ನು ಪಾತ್ರೆಯಲ್ಲಿಟ್ಟು ಅಲ್ಲೇ ಕೂತರು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು,” ಎಂದರು ಮೂಕಾಂಬಿಕಾ. “ಒಳಗಿನ ವಿಷಯ ಎಲ್ಲ ನಂಗೆ ಅರ್ಥ ಆಗೋದಿಲ್ಲ. ಆದ್ರೆ ನಿಮ್ಮ ಕಂಪೈಲರಲ್ಲಿ ಒಂದು ತಪ್ಪಿದೆ, ಸರ್‌ಗೆ ಹೇಳ್ಲಾ ಬೇಡ್ವಾ ಅಂತ ಪವಿತ್ರಾ ಕೇಳಿದ್ಲು. ಆಗ ನೀವು ಆಪರೇಷನ್ ಆಗಿ ಬಂದವ್ರು. ಅದೊಂದರ ಮೇಲೇ ಜೀವ ಇಟ್ಕೊಂಡಿದ್ರಿ. ಈಗ ಬೇಡ ಕೂಸೇ, ಸ್ವಲ್ಪ ಹುಷಾರಾಗ್ಲಿ ಅಂದೆ.”

“ಹುಷಾರಾದ ಮೇಲೆ?”

“ಹುಷಾರಾದ ಮೇಲೆ ನಿಮ್ಮ ಹತ್ರ ಯಾರು ಹೇಳೋದು? ನೀವೇ ಹೇಳಿ.” ಮೂಕಾಂಬಿಕಾ ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದೇ ಹೆಚ್ಚು ನಾಟಿತು.

ಈ ಕಡೆಯ ಊಟದ ಪಂಕ್ತಿಯಲ್ಲಿ ಸಾರಿಗೆ ಉಪ್ಪು ಸಾಲದಿದ್ದರೆ ಅಡುಗೆ ಮಾಡಿದವರ ಎದುರು ಯಾರೂ ಬಾಯಿ ಬಿಡುವುದಿಲ್ಲ. ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಬೆರಳಲ್ಲಿ ತೆಗೆದು ಕಲಸಿಕೊಂಡು, ಉಂಡು, ಚೆನ್ನಾಗಿತ್ತು ಎಂದು ಹೇಳಿ ಏಳುತ್ತಾರೆ. ಮರ್ಯಾದೆ ಎಂದರೆ ಅದು. ಜಯಪ್ರಕಾಶರು ಬೆಳೆದದ್ದೂ ಅಂಥ ಮನೆಯಲ್ಲೇ. ಇಷ್ಟು ವರ್ಷ ಎದುರು ಮೇಜಿನ ಹುಡುಗಿ ತಮ್ಮ ಅಡುಗೆಗೆ ಸದ್ದಿಲ್ಲದೆ ಉಪ್ಪು ಕಲಸಿಕೊಳ್ಳುತ್ತಿದ್ದಳು, ಅವಳ ಎಲೆಯಿಂದ ಆ ಉಪ್ಪನ್ನೂ ತಾವೇ ನಾಲ್ಕು ಜನರ ಮುಂದೆ ಬಳಿದು ಹಾಕಿದೆವಲ್ಲ ಎಂದು ಅವರಿಗೆ ತುತ್ತು ಇಳಿಯಲಿಲ್ಲ. ಎದ್ದು ಕೈ ತೊಳೆದರು.

ಮೊದಲು ಶೃಂಗೇರಿಯವರಿಗೆ ಫೋನ್ ಮಾಡಿ, ಪೆಟ್ಟಿಗೆಯಲ್ಲಿ ದೋಷವಿದೆ, ತಪ್ಪು ನನ್ನದು, ಸದ್ಯಕ್ಕೆ ಬೇಡ ಎಂದರು. ಹೊಸ ಪೆಟ್ಟಿಗೆ ಹಾಕಿದ ಮನೆಮನೆಗೆ ಹೋಗಿ ಬಿಚ್ಚಿ ತಂದರು. ಆಮೇಲೆ ಕಂಪೈಲರಿಗೆ ಕೈ ಹಾಕಿದರು. ಗುರುತು ಉದುರದ ಹಾಗೆ ಮಾಡಿದರು; ಲೆಕ್ಕವನ್ನು ಒಂದೇ ಕಡೆ ಬಳಸುವುದಿದ್ದರೆ ಮಾತ್ರ ಸೂಚನೆಯೊಳಗೆ ಮಡಚು, ಇಲ್ಲದಿದ್ದರೆ ಅಂಗೈಗೆ ತೆಗೆದುಕೋ ಎಂದು ಬರೆದರು. ಅಷ್ಟು ಮಾಡಲು ಕೆಲವು ವಾರ ಹಿಡಿಯಿತು. ಹೊಸ ಲಿಸ್ಟಿಂಗ್ ಪ್ರಿಂಟ್ ತೆಗೆದು, ಮಡಚಿ ಕೈಚೀಲಕ್ಕೆ ಹಾಕಿ, ಎನ್.ಆರ್. ಪುರದ ಬಸ್ಸು ಹತ್ತಿದರು. ಅವಳು ವಾಪಸ್ ಬರಬೇಕು, ಅವರಿಗೆ ಬೇಕಾಗಿದ್ದದ್ದು ಅದೊಂದೇ. ತಪ್ಪಾಯ್ತು ಎಂದು ಹೇಳುವುದನ್ನು ಬಸ್ಸಿನಲ್ಲಿ ಮನಸ್ಸಿನೊಳಗೇ ಹತ್ತಾರು ಸಲ ಹೇಳಿ ನೋಡಿದರು.

ಪವಿತ್ರಾ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಆನ್‌ಲೈನ್ ಸೇವಾ ಕೇಂದ್ರದಲ್ಲಿ ಕೂತಿದ್ದಳು. ಪಹಣಿ, ಜಾತಿ ಸರ್ಟಿಫಿಕೇಟು, ಪಿಂಚಣಿ ಎಂದು ಬರುವ ಜನರ ಅರ್ಜಿ ತುಂಬಿಕೊಡುವ ಜಾಗ. ಇವರನ್ನು ಕಂಡು ಎದ್ದು ನಿಂತಳು. “ಬನ್ನಿ ಸರ್, ಕೂತ್ಕೊಳ್ಳಿ. ಮೂಕಾಂಬಿಕಾ ಅಮ್ಮ ಹೇಗಿದ್ದಾರೆ?” ಎಂದು ಕೇಳಿ ಕುರ್ಚಿ ಎಳೆದು ಕೊಟ್ಟಳು. ಎದುರಿಗೆ ಇನ್ನೊಬ್ಬ ಹೆಂಗಸು ಕಾಗದ ಹಿಡಿದು ನಿಂತಿದ್ದಳು.

“ಇಲ್ಲಿ ನೋಡಿ ಅಮ್ಮ,” ಪವಿತ್ರಾ ಆ ಹೆಂಗಸಿಗೆ ಹೇಳಿದಳು, “ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಹೆಸರು ಬೇರೆ ಥರ ಇದೆ. ಹೀಗೇ ಕಳಿಸಿದ್ರೆ ತಪ್ಪಾಗ್ತದೆ, ಪಿಂಚಣಿ ಬರೋದಿಲ್ಲ. ಮೊದ್ಲು ತಿದ್ದಿಸ್ಕೊಂಡು ಬನ್ನಿ.”

ಎಷ್ಟು ಸಲೀಸಾಗಿ ಹೇಳಿದಳು. ತಪ್ಪಾಗ್ತದೆ. ಆ ಮಾತು ಇವಳ ಬಾಯಲ್ಲಿ ಇಷ್ಟು ಹಗುರವಾಗಿ ಬರುತ್ತದೆ ಎಂದು ಜಯಪ್ರಕಾಶರಿಗೆ ಗೊತ್ತೇ ಇರಲಿಲ್ಲ. ತಮ್ಮ ವರ್ಕ್‌ಶಾಪಿನಲ್ಲಿ ಇಷ್ಟು ವರ್ಷದಲ್ಲಿ ಅದನ್ನು ಒಂದು ಸಲವೂ ಅವಳಿಂದ ಕೇಳಿದ ನೆನಪಿಲ್ಲ. ಹೆಂಗಸು ತಲೆಯಾಡಿಸಿ, ಆಯ್ತವ್ವಾ ಎಂದು ಹೋದಳು.

ಆಗ ಹೇಳಬೇಕಿತ್ತು. ಬಾಯಿ ತೆರೆದರು ಕೂಡ. ಆದರೆ ಕೈ ತಾನಾಗಿ ಚೀಲಕ್ಕೆ ಹೋಗಿ ಲಿಸ್ಟಿಂಗನ್ನು ತೆಗೆದು ಮೇಜಿನ ಮೇಲೆ ಹರಡಿತು. ಕ್ಷಮೆ ಕೇಳುವುದಕ್ಕಿಂತ ಕೋಡ್ ತೋರಿಸುವುದು ಸುಲಭ. ಈ ಕೆಲಸದಲ್ಲಿ ತಲೆ ಬೆಳ್ಳಗಾದವರು ಮಾಡುವ ತಪ್ಪು ಇದು. ರಿಪೇರಿ ಮಾಡಿದ್ದನ್ನು ತೋರಿಸಿಬಿಟ್ಟರೆ ಉಳಿದದ್ದೆಲ್ಲ ಹೇಳಿದ ಹಾಗಾಯಿತು ಎಂದುಕೊಳ್ಳುತ್ತಾರೆ.

“ತಿಮ್ಮಣ್ಣನವರ ಡ್ರೈಯರಲ್ಲಿ ಅಡಿಕೆ ಸೀದು ಹೋಯ್ತು ಪವಿತ್ರಾ. ಕೈ ಸುಟ್ಕೊಂಡ್ರು.”

“ಅಯ್ಯೋ. ಈಗ ಹೇಗಿದ್ದಾರೆ?”

“ವಾಸಿ ಆಗ್ತಾ ಇದೆ. ತಪ್ಪು ನನ್ನ ಕಂಪೈಲರದ್ದು. ಸರಿ ಮಾಡಿದ್ದೇನೆ. ಸ್ವಲ್ಪ ನೋಡು, ಸರಿ ಇದೆಯಾ ಅಂತ.”

ಪವಿತ್ರಾ ಹಾಳೆಗಳನ್ನು ಹತ್ತಿರ ಎಳೆದುಕೊಂಡಳು. ಹಿಂದಿನ ಅಭ್ಯಾಸದಂತೆ ಬೆರಳಿಟ್ಟು ಸಾಲು ಸಾಲು ಇಳಿಯುತ್ತ ಹೋದಳು. ಹೋಲಿಸುವ ಜಾಗಕ್ಕೆ ಬಂದಳು, ಕಳೆಯುವ ಜಾಗ ದಾಟಿದಳು, ಹಾಳೆ ತಿರುಗಿಸಿದಳು. ಕೆಳಗೆ ಎಲ್ಲೋ ಒಂದು ಕಡೆ ಅವಳ ಬೆರಳು ನಿಂತಿತು. ನಿಂತಿತೋ, ಅಥವಾ ಹೊರಗೆ ಹಾರ್ನ್ ಹೊಡೆದ ಬಸ್ಸಿನ ಕಡೆ ಅವಳ ಗಮನ ಹೋಯಿತೋ, ಜಯಪ್ರಕಾಶರಿಗೆ ತಿಳಿಯಲಿಲ್ಲ. ಬೆರಳು ಮತ್ತೆ ಇಳಿಯಿತು. ಅವಳು ಹಾಳೆಗಳನ್ನು ಅಂಚು ಕೂಡಿಸಿ, ಮೊದಲಿದ್ದ ಹಾಗೇ ಮಡಚಿ ಕೊಟ್ಟಳು.

“ಸರಿ ಇದೆ ಸರ್,” ಎಂದಳು. ಒಂದು ಗಳಿಗೆ ತಡೆದು, “ಆದ್ರೂ ಅದೊಂದು ಸಾಲು ಇರಲಿ,” ಎಂದಳು.

ಶೃಂಗೇರಿಯ ಅದೇ ಮಾತು, ಅದೇ ದನಿ.

“ಎಲ್ಲಿ ತಪ್ಪಿದೆ ಹೇಳು ಪವಿತ್ರಾ. ನಾನು ಬೇಜಾರ್ ಮಾಡ್ಕೊಳ್ಳೋದಿಲ್ಲ. ಕೇಳೋಕ್ಕೇ ಬಂದಿದ್ದು.”

“ತಪ್ಪು ಅಂತ ಅಲ್ಲ ಸರ್. ಇರಲಿ.”

“ಅಂದ್ರೆ ಇದೆಯಾ ಇಲ್ವಾ?”

ಅವಳು ನಕ್ಕಳು. ಬೇಸರವಿಲ್ಲದ, ದೂರದ ನಗು. ನೆಂಟರ ಮನೆಯ ಹಿರಿಯರಿಗೆ ತೋರಿಸುವಂಥದ್ದು. “ಇರಲಿ ಸರ್. ಕಾಫಿ ತರಿಸ್ಲಾ?”

“ನೀನು ವಾಪಸ್ ಬಾ,” ಎಂದರು ಜಯಪ್ರಕಾಶರು. ಕೊನೆಗೂ ಅದು ಬಾಯಿಂದ ಹೊರಬಿತ್ತು. “ಶೃಂಗೇರಿಯಲ್ಲಿ ನಾನು ಹಾಗೆ ಆಡಬಾರದಿತ್ತು. ತಪ್ಪಾಯ್ತು. ಆ ಮೇಜು ಹಾಗೇ ಇದೆ, ಯಾರನ್ನೂ ಇಟ್ಕೊಂಡಿಲ್ಲ.”

ಪವಿತ್ರಾ ತಲೆ ತಗ್ಗಿಸಿ ಮೇಜಿನ ಮೇಲಿದ್ದ ಸ್ಟಾಂಪ್ ಪ್ಯಾಡಿನ ಮುಚ್ಚಳವನ್ನು ಹಾಕಿದಳು. ಅವಳ ಕಣ್ಣು ಒದ್ದೆಯಾದದ್ದನ್ನು ಅವರು ಕಂಡರು. ಆದರೆ ಮಾತು ಹೊರಟಾಗ ದನಿ ಗಟ್ಟಿಯಾಗಿತ್ತು.

“ನಂಗೆ ಕೋಪ ಇಲ್ಲ ಸರ್. ನಿಮ್ಮಿಂದಾನೇ ಕಲ್ತದ್ದು, ಅದನ್ನ ಮರೆಯೋದಿಲ್ಲ. ಆದ್ರೆ ಇಲ್ಲಿ ಜನ ಬಂದು, ತಪ್ಪಿದೆಯಾ ನೋಡಿ ಹೇಳವ್ವಾ ಅಂತಾರೆ. ಇದ್ರೆ ಇದೆ ಅಂತ ಹೇಳ್ತೇನೆ. ಅವ್ರಿಗೂ ಬೇಜಾರಿಲ್ಲ, ನಂಗೂ ಹೆದ್ರಿಕೆ ಇಲ್ಲ. ಅದು ಎಷ್ಟು ಹಗುರ ಅಂತ ಇಲ್ಲಿಗೆ ಬಂದ ಮೇಲೇ ಗೊತ್ತಾಯ್ತು. ವಾಪಸ್ ಬರೋದಿಲ್ಲ ಸರ್.”

ಅಷ್ಟರಲ್ಲಿ ಪಹಣಿಗೆಂದು ಇಬ್ಬರು ಒಳಗೆ ಬಂದರು. ಪವಿತ್ರಾ ಅವರತ್ತ ತಿರುಗಿದಳು. ಜಯಪ್ರಕಾಶರು ಬರ್ತೇನೆ ಎಂದು ಎದ್ದರು. ಅವಳು ಬಾಗಿಲವರೆಗೆ ಬಂದು, ಮಾತ್ರೆ ಸರಿಯಾಗಿ ತಗೊಳ್ಳಿ ಸರ್ ಎಂದಳು.

ಮರುದಿನದಿಂದ ಅವರು ಲಿಸ್ಟಿಂಗ್ ಹಿಡಿದು ಕೂತರು. ಅವಳ ಬೆರಳು ನಿಂತಿತೆಂದು ತೋರಿದ ಜಾಗದ ಮೇಲಿನದ್ದು, ಕೆಳಗಿನದ್ದು, ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ನೋಡಿದರು. ಒಂದೊಂದು ಮೆಮೊರಿ ಆಪರೆಂಡಿನ ಮುಂದೆ ನಿಂತು, ಇದನ್ನು ಯಾರು ಓದುತ್ತಾರೆ, ನಡುವೆ ಯಾರು ಬರೆಯುತ್ತಾರೆ ಎಂದು ಕೇಳಿಕೊಂಡರು. ತಪ್ಪು ಸಿಗಲಿಲ್ಲ. ತಪ್ಪಿದ್ದು ತಮಗೆ ಕಾಣುತ್ತಿಲ್ಲವೋ, ತಪ್ಪೇ ಇಲ್ಲದೆ ಅವಳು ಮುನ್ನೆಚ್ಚರಿಕೆಗೆ ಹಾಗೆಂದಳೋ, ಹೇಳಬಲ್ಲವಳು ಒಬ್ಬಳೇ. ಅವಳು ಹೇಳುವುದಿಲ್ಲ. ಹೇಳದಿರುವುದನ್ನು ಅವಳಿಗೆ ವರ್ಷಗಟ್ಟಲೆ ಕಲಿಸಿದವರು ತಾವೇ, ಎಲ್ಲ ಪಾಠಗಳಲ್ಲಿ ಅದೊಂದು ಚೆನ್ನಾಗಿ ತಲೆಗೆ ಹತ್ತಿತ್ತು.

ಒಂದು ಸಂಜೆ, ಕೆಳಗಿನ ಬಟ್ಟೆ ಅಂಗಡಿಯವರು ಷಟರ್ ಎಳೆಯುವ ಹೊತ್ತಿಗೆ, ಅವರು ಡ್ರೈಯರಿನ ಪ್ರೋಗ್ರಾಮನ್ನು ತೆರೆದು ಆ ಸಾಲನ್ನು ಮೊದಲಿದ್ದ ಜಾಗದಲ್ಲೇ, ಅವಳು ಬರೆದಿದ್ದ ಹಾಗೇ ಬರೆದರು. ಪಕ್ಕದ ಜಾಗ ಖಾಲಿ ಇತ್ತು. ಗೋಡೆಯ ಹಾಳೆಯನ್ನು ಒಮ್ಮೆ ನೋಡಿದರು. ಆಮೇಲೆ ಪಕ್ಕದಲ್ಲಿ ಬರೆದರು: ‘ಕಾರಣ ನನಗೆ ಗೊತ್ತಿಲ್ಲ. ಪವಿತ್ರಾ ಇರಲಿ ಅಂದಿದ್ದಾಳೆ. ಯಾರೂ ತೆಗೆಯಬಾರದು.’